ಬಿಡುವಿನ ವೇಳೆಯಲ್ಲಿ ಬರಹ ತಿದ್ದುವ ಕಾಯಕ



ಓದುತ್ತಿರುವಾಗಲೇ ನಾಲ್ಕು ಕಾಸು ಸಂಪಾದಿಸುವುದು ಹೇಗೆ ಎಂಬ ಪ್ರಶ್ನೆ ನಿಮ್ಮಲ್ಲಿ ಅನೇಕರಿಗೆ ಇದೆ. ಪರೀಕ್ಷಾ ಶುಲ್ಕ, ಪುಸ್ತಕ, ಬಸ್ಸಿನ ಪಾಸು, ಹಾಸ್ಟೆಲಿನ ಊಟ, ಹೀಗೆ ಖರ್ಚು ಒಂದರ ಹಿಂದೆ ಒಂದು ಬರುತ್ತದೆ. ಮನೆಯಲ್ಲಿ ಕೇಳಲು ಸಂಕೋಚ. ಅಂಥವರಿಗೆ ಒದಗಬಹುದಾದ ಒಂದು ಕೆಲಸದ ಬಗ್ಗೆ ಇಂದು ಮಾತನಾಡುತ್ತೇನೆ. ಬೇರೆಯವರ ಬರಹವನ್ನು ತಿದ್ದಿಕೊಡುವುದು ಮತ್ತು ಬೇರೆಯವರಿಗಾಗಿ ಜಾಹೀರಾತು, ಕರಪತ್ರ ಮುಂತಾದವನ್ನು ಬರೆದುಕೊಡುವುದೇ ಆ ಕೆಲಸ. ಇದಕ್ಕೆ ದೊಡ್ಡ ಬಂಡವಾಳ ಬೇಡ. ಆದರೆ ಇದು ಹಗುರವಾದ ಕೆಲಸವೆಂದು ಮಾತ್ರ ತಿಳಿಯಬೇಡಿ. ಏಕೆಂಬುದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ.

ನಾನು ಜೇವರ್ಗಿ ತಾಲ್ಲೂಕಿನ ಕೊಳಕೂರದವನು. ನಮ್ಮ ಓಣಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಆಗ ಕಡಿಮೆ. ರಜೆಗೆ ಊರಿಗೆ ಹೋದರೆ ಸಾಕು, ಯಾರಾದರೂ ಒಂದು ಕಾಗದ ಹಿಡಿದು ಬರುತ್ತಿದ್ದರು. ಬ್ಯಾಂಕಿನ ನೋಟೀಸು, ತಹಸೀಲ್ದಾರರ ಕಚೇರಿಯ ಪತ್ರ, ದೂರದ ಊರಿಗೆ ದುಡಿಯಲು ಹೋದ ಮಗನ ಕಾಗದ. "ತಮ್ಮಾ, ಇದರಾಗ ಏನು ಬರದದ, ಓದಿ ಹೇಳು" ಎನ್ನುವರು. ನಾನು ಓದಿ, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುತ್ತಿದ್ದೆ. ಕಷ್ಟದ ಬರಹವನ್ನು ಓದುಗನಿಗೆ ತಿಳಿಯುವಂತೆ ಮಾಡುವುದೇ ಸಂಪಾದಕನ ಕೆಲಸವೆಂದು ಆಗ ನನಗೆ ಗೊತ್ತಿರಲಿಲ್ಲ.

ಮುಂದೆ 1980ರ ದಶಕದಲ್ಲಿ ಕಲಬುರಗಿಯಲ್ಲಿ ಬಿ.ಎ. ಓದುವಾಗ ಒಂದು ಸಣ್ಣ ಮುದ್ರಣಾಲಯದಲ್ಲಿ ಸಂಜೆ ಹೊತ್ತು ಕರಡಚ್ಚು ತಿದ್ದುವ ಕೆಲಸ ಸಿಕ್ಕಿತು. ಅದು ಸೀಸದ ಮೊಳೆ ಜೋಡಿಸುವ ಕಾಲ. ಮೊಳೆ ಜೋಡಿಸುವವರು ಒಂದು ಕರಡು ತೆಗೆದು ಕೊಡುವರು. ನಾನು ಮೂಲಪ್ರತಿಯೊಡನೆ ಹೋಲಿಸಿ ಅಂಚಿನಲ್ಲಿ ಗುರುತು ಹಾಕಬೇಕು. ಬಿಟ್ಟುಹೋದ ಅಕ್ಷರ ಸೇರಿಸಲು ಹಂಸಪಾದ, ಬೇಡವಾದದ್ದಕ್ಕೆ ಹೊಡೆತದ ಗೆರೆ. ಕೆಲವೇ ವಾರಗಳಲ್ಲಿ ನಾನು ಜಾಣನಾದೆನೆಂಬ ಹೆಮ್ಮೆ ಬಂದಿತ್ತು.

ಒಂದು ದಿನ ಲಗ್ನಪತ್ರಿಕೆಯೊಂದು ಬಂತು. ದೇವರ ಹೆಸರು, ಹಿರಿಯರ ಹೆಸರು, ಬಿನ್ನಹದ ವಾಕ್ಯ ಎಲ್ಲವನ್ನೂ ಒಂದಕ್ಷರ ತಪ್ಪದಂತೆ ನೋಡಿದೆ. ಆದರೆ ತಾರೀಖಿನ ಕಡೆ ಕಣ್ಣು ನಿಲ್ಲಲಿಲ್ಲ. ೬ ಇರಬೇಕಾದಲ್ಲಿ ೯ರ ಮೊಳೆ ಕುಳಿತಿತ್ತು. ವಾರ ಮಾತ್ರ ಸರಿಯಾಗಿಯೇ ಇತ್ತು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಒಮ್ಮೆ ನೋಡಿದ್ದರೂ ತಾರೀಖು, ವಾರ ಎರಡೂ ಕೂಡುವುದಿಲ್ಲ ಎಂದು ತಿಳಿಯುತ್ತಿತ್ತು. ನಾನು ನೋಡಲಿಲ್ಲ. ಪತ್ರಿಕೆ ಅಚ್ಚಾಗಿ, ಅರ್ಧಕ್ಕಿಂತ ಹೆಚ್ಚು ಹಂಚಿಯೂ ಆಗಿತ್ತು.

ವಧುವಿನ ತಂದೆ ಓದು ಬಲ್ಲವರಲ್ಲ. ಬೀಗರ ಕಡೆಯವರೊಬ್ಬರು ತೋರಿಸಿದ ಮೇಲೆ ಅವರು ಮುದ್ರಣಾಲಯಕ್ಕೆ ಬಂದರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಬೈಯಲಿಲ್ಲ. "ಸಾಲಿ ಕಲತಂವ ಅದೀ ಅಂತ ನಿನ್ನ ಮ್ಯಾಲ ಬಿಟ್ಟಿದ್ದೆವಲ್ಲೋ ಯಪ್ಪಾ" ಎಂದರು, ಅಷ್ಟೆ. ಆ ದಿನವೇ ಅವರ ಕಡೆಯ ಹುಡುಗರು ಬಸ್ಸು ಹಿಡಿದು ಊರೂರಿಗೆ ತಾರೀಖು ಹೇಳಲು ಹೋದರು. ಹೊಸ ಪತ್ರಿಕೆಯ ಕಾಗದದ ಖರ್ಚಿಗೆ ನನ್ನ ಎರಡು ತಿಂಗಳ ಕೂಲಿ ಹೋಯಿತು. ಆ ಹಣ ಮುಂದೆ ಮರೆತುಹೋಯಿತು. ಅವರ ಮಾತು ಇವತ್ತಿಗೂ ಮರೆತಿಲ್ಲ.

ಮಿತ್ರರೇ, ತಪ್ಪು ಹುಡುಕುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಜಿಲ್ಲೆಯದೇ ಆದ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿನ ಅರಸ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ, ಶ್ರೀವಿಜಯ ರಚಿಸಿದ 'ಕವಿರಾಜಮಾರ್ಗ' ಇಂದು ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ. ಅದು ಕಥೆಯಲ್ಲ. ಬರಹದಲ್ಲಿ ದೋಷ ಯಾವುದು, ಗುಣ ಯಾವುದು ಎಂದು ತಿಳಿಸುವ ಶಾಸ್ತ್ರ. ಕನ್ನಡ, ಸಂಸ್ಕೃತ ಪದಗಳನ್ನು ಹದವಿಲ್ಲದೆ ಸಮಾಸ ಮಾಡಿದರೆ ಕಾಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಕೆಡುತ್ತದೆ ಎಂಬ ಅರ್ಥದ ಎಚ್ಚರಿಕೆ ಅದರಲ್ಲಿದೆ. ಓದು ಬರದ ಜನರಿಗೂ ಮಾತಿನ ಸರಿತಪ್ಪು ತಿಳಿಯುತ್ತದೆ ಎಂದೂ ಅದು ಹೇಳುತ್ತದೆ. ಬರಹ ತಿದ್ದುವವನು ಈ ಎರಡನೆಯ ಮಾತನ್ನು ನೆನಪಿಡಬೇಕು. ತಿದ್ದಿದ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಕಿವಿಗೆ ತೊಡಕಾದರೆ ಎಲ್ಲೋ ದೋಷವಿದೆ ಎಂದರ್ಥ.

ಇನ್ನು ಕೆಲಸದ ಬಗೆಗಳನ್ನು ನೋಡೋಣ. ಮೊದಲನೆಯದು ಕರಡು ತಿದ್ದುವುದು. ಇಲ್ಲಿ ಕಾಗುಣಿತ, ಒತ್ತಕ್ಷರ, ಅಂಕಿ, ಹೆಸರು ಇವನ್ನು ಮಾತ್ರ ಸರಿಪಡಿಸುತ್ತೇವೆ. 'ಮದ್ಯಪಾನ ನಿಷೇಧ' ಎಂಬ ಫಲಕದಲ್ಲಿ 'ಮಧ್ಯಪಾನ' ಎಂದು ಬರೆದಿರುವುದನ್ನು ನೀವೂ ಕಂಡಿರಬಹುದು. ಮಧ್ಯ ಎಂದರೆ ನಡುವೆ, ಮದ್ಯ ಎಂದರೆ ಸೆರೆ. 'ದನ'ಕ್ಕೂ 'ಧನ'ಕ್ಕೂ ಇರುವ ಅಂತರವೂ ಅಂಥದೇ. ಈಗ ಗಣಕಯಂತ್ರದಲ್ಲಿ ಇನ್ನೊಂದು ತೊಡಕಿದೆ. ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚಾದ ಕನ್ನಡವನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಅವನ್ನು ಹಿಡಿಯಲು ಕಣ್ಣೇ ಬೇಕು.

ಎರಡನೆಯದು ಸಂಪಾದನೆ. ವಾಕ್ಯ ಉದ್ದವಾಗಿದ್ದರೆ ತುಂಡರಿಸುವುದು, ಹೇಳಿದ್ದನ್ನೇ ಹೇಳಿದ್ದರೆ ತೆಗೆಯುವುದು, ವಿಷಯದ ಕ್ರಮ ಸರಿಪಡಿಸುವುದು ಇದರಲ್ಲಿ ಸೇರುತ್ತವೆ. ಇಲ್ಲಿ ಲೇಖಕನ ಒಪ್ಪಿಗೆ ಮುಖ್ಯ. ಅನುಮಾನ ಬಂದಲ್ಲಿ ನೀವೇ ಬದಲಿಸದೆ ಅಂಚಿನಲ್ಲಿ ಪ್ರಶ್ನೆ ಬರೆದಿಡಿ.

ಮೂರನೆಯದು ಜಾಹೀರಾತು ಬರಹ. ನಮ್ಮ ಭಾಗದ ಒಂದು ಉದಾಹರಣೆ ಕೊಡುತ್ತೇನೆ. ಜಿಲ್ಲೆಯ ಮಹಿಳೆಯರು ತಯಾರಿಸುವ ಜೋಳದ ರೊಟ್ಟಿ ಈಗ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. 2025ರ ಜೂನ್ ತಿಂಗಳ 'ಮನ್ ಕಿ ಬಾತ್' ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಗಳು ಅದನ್ನು ಪ್ರಸ್ತಾಪಿಸಿದರು. ನಮ್ಮ ತೊಗರಿ ಬೇಳೆಗೂ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಇಂಥ ಪದಾರ್ಥ ಮಾರಬೇಕಾದರೆ ಪೊಟ್ಟಣದ ಮೇಲೆ ನಾಲ್ಕು ಮಾತು ಬೇಕು.

ನಿಮ್ಮ ಊರಿನ ಸ್ವಸಹಾಯ ಸಂಘವೊಂದು ರೊಟ್ಟಿ ಪೊಟ್ಟಣಕ್ಕೆ ಬರೆದುಕೊಡಲು ಕೇಳಿತೆನ್ನಿ. 'ಅತ್ಯುತ್ತಮ ಗುಣಮಟ್ಟದ, ಶ್ರೇಷ್ಠ, ಆರೋಗ್ಯಕರ ರೊಟ್ಟಿ' ಎಂದು ಬರೆದರೆ ಕೊಳ್ಳುವವನಿಗೆ ಏನೂ ತಿಳಿಯಲಿಲ್ಲ. 'ಬಿಳಿಜೋಳದ ಕಡಕ್ ರೊಟ್ಟಿ. ಕೈಯಿಂದ ಬಡಿದದ್ದು. ಒಟ್ಟು 10. ಗಾಳಿಯಾಡದ ಡಬ್ಬಿಯಲ್ಲಿಡಿ' ಎಂದು ಬರೆದರೆ ಅವನಿಗೆ ಬೇಕಾದದ್ದು ಸಿಕ್ಕಿತು. ಜೊತೆಗೆ ಬಳಸಿದ ಪದಾರ್ಥ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರಬೇಕು. ಸಂಘದವರು ನಂಬಿಕೊಂಡು ಹೇಳಿದರೂ 'ಸಕ್ಕರೆ ಕಾಯಿಲೆ ವಾಸಿಮಾಡುತ್ತದೆ' ಎಂದು ಬರೆಯಬೇಡಿ. ಆಹಾರ ಪದಾರ್ಥದ ಮೇಲೆ ರೋಗ ವಾಸಿಯಾಗುವ ಮಾತು ಬರೆಯುವುದು ಕಾನೂನಿಗೆ ವಿರುದ್ಧ. ತಪ್ಪುದಾರಿಗೆಳೆಯುವ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ತಡೆಯುತ್ತದೆ.

ಈ ಕೆಲಸ ಸಿಗುವುದೆಲ್ಲಿ? ದೊಡ್ಡ ನಗರಕ್ಕೆ ಹೋಗಬೇಕಾಗಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕು ಪಟ್ಟಣಗಳಲ್ಲೂ ಮುದ್ರಣದವರು, ಬೆರಳಚ್ಚಿನ ಅಂಗಡಿಗಳು ಇವೆ. ಸಹಕಾರ ಸಂಘಗಳಿಗೆ ವಾರ್ಷಿಕ ವರದಿ ಬೇಕು. ಜಾತ್ರಾ ಸಮಿತಿಗೆ ಕರಪತ್ರ ಬೇಕು. ಶಾಲೆಗಳು ಸ್ಮರಣ ಸಂಚಿಕೆ ತರುತ್ತವೆ. ಸ್ವಂತ ಖರ್ಚಿನಲ್ಲಿ ಕವನ ಸಂಕಲನ ಅಚ್ಚುಹಾಕಿಸುವವರು ಪ್ರತಿ ಊರಲ್ಲೂ ಇದ್ದಾರೆ. 2024ರ ತಿದ್ದುಪಡಿಯ ಪ್ರಕಾರ ಅಂಗಡಿ, ಸಂಸ್ಥೆಗಳ ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು. ಹೀಗಾಗಿ ಸರಿಯಾದ ಕನ್ನಡ ಬರೆಯುವವರ ಅಗತ್ಯ ಹೆಚ್ಚಿದೆ. ಎರಡು ಭಾಷೆ ಬಲ್ಲವರಿಗೆ ಅನುವಾದದ ಕೆಲಸವೂ ಸಿಗುತ್ತದೆ. ಹೈದರಾಬಾದು, ಸೊಲ್ಲಾಪುರಗಳ ಒಡನಾಟವಿರುವ ನಮ್ಮ ಭಾಗದ ಮಕ್ಕಳಿಗೆ ಉರ್ದು, ಮರಾಠಿ, ತೆಲುಗು ಕಿವಿಗೆ ಬಿದ್ದಿರುತ್ತವೆ. ಅದನ್ನು ಬಂಡವಾಳವೆಂದೇ ಎಣಿಸಿ.

'ಈಗ ಯಂತ್ರವೇ ಬರೆಯುತ್ತದೆ, ಯಂತ್ರವೇ ಅನುವಾದಿಸುತ್ತದೆ, ನಮಗೇನು ಕೆಲಸ?' ಎಂದು ನೀವು ಕೇಳಬಹುದು. ಸುಲಭದ ಕೆಲಸ ಸ್ವಲ್ಪ ಕಡಿಮೆಯಾಗಿರುವುದು ನಿಜ. ಆದರೆ ಒಂದು ಕೀಟನಾಶಕದ ಕರಪತ್ರ ಯೋಚಿಸಿ. 'ಒಂದು ಲೀಟರ್ ನೀರಿಗೆ 2 ಮಿ.ಲೀ.' ಎಂಬುದು '2 ಲೀ.' ಎಂದಾದರೆ ರೈತನ ಬೆಳೆಯೂ ಹೋಯಿತು, ಹಣವೂ ಹೋಯಿತು. ಸಿಂಪಡಿಸುವವನ ಜೀವಕ್ಕೂ ಅಪಾಯ. ಯಂತ್ರ ಕೊಟ್ಟ ಬರಹವನ್ನು ಮೂಲದೊಡನೆ ಹೋಲಿಸಿ, 'ಇದು ಸರಿ, ಇದಕ್ಕೆ ನಾನು ಹೊಣೆ' ಎನ್ನುವ ಮನುಷ್ಯ ಬೇಕೇ ಬೇಕು. ಕೂಲಿ ಸಲ್ಲುವುದು ಆ ಹೊಣೆಗೆ.

ಕೂಲಿಯ ಲೆಕ್ಕವನ್ನೂ ಹೇಳಬೇಕು. ಹೊಸಬರು ಪುಟಕ್ಕಿಷ್ಟು ಎಂದು ಒಪ್ಪಿಕೊಂಡು ಆಮೇಲೆ ಪರಿತಪಿಸುತ್ತಾರೆ. ಮೊದಲು ನಿಮ್ಮ ವೇಗ ಅಳೆದುಕೊಳ್ಳಿ. ಲೆಕ್ಕಕ್ಕಾಗಿ ಮಾತ್ರ ಹೀಗೆ ಹಿಡಿಯೋಣ: 120 ಪುಟದ ಪುಸ್ತಕ, ಪುಟಕ್ಕೆ 15 ರೂಪಾಯಿ, ಒಟ್ಟು 1,800 ರೂಪಾಯಿ. ಮೊದಲ ಓದಿಗೆ ಗಂಟೆಗೆ 8 ಪುಟದಂತೆ 15 ಗಂಟೆ. ಎರಡನೆಯ ಓದಿಗೆ ಗಂಟೆಗೆ 12 ಪುಟದಂತೆ 10 ಗಂಟೆ. ಒಟ್ಟು 25 ಗಂಟೆ. ಅಂದರೆ ಗಂಟೆಗೆ 72 ರೂಪಾಯಿ ಬಿತ್ತು. ಅಷ್ಟು ಸಾಕೇ, ಪರೀಕ್ಷೆ ಹತ್ತಿರವಿರುವಾಗ 25 ಗಂಟೆ ಕೊಡಬಹುದೇ ಎಂದು ನೀವೇ ನಿರ್ಧರಿಸಿ. ಎಷ್ಟು ಪುಟ, ಎಷ್ಟು ಸಲ ತಿದ್ದುವುದು, ಯಾವ ದಿನ ಕೊಡುವುದು, ಹಣ ಯಾವಾಗ ಎಂಬ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಶಾಲೆಯಲ್ಲಿ ಓದುವವರು ಪಾಲಕರನ್ನು ಕೇಳದೆ ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ.

ಇನ್ನು ಎರಡು ಎಚ್ಚರಿಕೆ. 'ಮನೆಯಲ್ಲೇ ಕುಳಿತು ಕರಡು ತಿದ್ದಿ, ಸಾವಿರಾರು ಗಳಿಸಿ, ಮೊದಲು ನೋಂದಣಿ ಶುಲ್ಕ ಕಟ್ಟಿ' ಎಂಬ ಸಂದೇಶ ಮೊಬೈಲಿಗೆ ಬಂದರೆ ಅದು ಮೋಸವೆಂದೇ ತಿಳಿಯಿರಿ. ಕೆಲಸ ಕೊಡುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಹಣ ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ ಅದು.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. 'ನನ್ನ ಪ್ರಬಂಧ ನೀನೇ ಬರೆದುಕೊಡು, ಹಣ ಕೊಡುತ್ತೇನೆ' ಎನ್ನುವ ಸಹಪಾಠಿ ಸಿಗುತ್ತಾನೆ. ಅವನು ಬರೆದದ್ದರ ಭಾಷೆ ತಿದ್ದಬಹುದು, ಆದರೆ ಅವನ ಹೆಸರಿನಲ್ಲಿ ನೀವು ಬರೆದು ಕೊಡಬಾರದು. ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ನಿಯಮಾವಳಿಯನ್ನೇ ತಂದಿದೆ. ನಿಯಮ ಇಲ್ಲದಿದ್ದರೂ, ಕಲಿಯಬೇಕಾದವನ ಕಲಿಕೆಯನ್ನು ನಾವು ಮಾರಿದಂತಾಗುತ್ತದೆ.

ಹಾಗಾದರೆ ಓಣಿಯ ಅಜ್ಜಿ ಪಿಂಚಣಿ ಅರ್ಜಿ ಬರೆಸಲು ಬಂದರೆ ಹಣ ಕೇಳಬೇಕೇ ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದ. ಬೇಡ ಎಂದೆ. ವ್ಯಾಪಾರಕ್ಕಾಗಿ ಬರೆಸುವವನಿಂದ ಸಂಕೋಚವಿಲ್ಲದೆ ಕೂಲಿ ಪಡೆಯಿರಿ. ಅಕ್ಷರ ಬಾರದ್ದರಿಂದ ಬಂದವರಿಗೆ ಬರೆದುಕೊಡಿ, ಬರೆದದ್ದನ್ನು ಅವರಿಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ. ನಮ್ಮನ್ನು ಓದಿಸಿದ್ದರಲ್ಲಿ ಅವರ ಬೆವರೂ ಇದೆ.

ಪ್ರಾರಂಭಿಸುವುದು ಹೇಗೆಂದರೆ, ಇವತ್ತೇ ಮನೆಯಲ್ಲಿರುವ ಒಂದು ಲಗ್ನಪತ್ರಿಕೆಯನ್ನೋ ಕರಪತ್ರವನ್ನೋ ತೆಗೆದುಕೊಳ್ಳಿ. ಮೊದಲು ಅಂಕಿಗಳನ್ನು ನೋಡಿ, ಆಮೇಲೆ ಹೆಸರು, ಆಮೇಲೆ ಉಳಿದದ್ದು. ತಾರೀಖು ಮತ್ತು ವಾರ ಕೂಡುತ್ತವೆಯೇ ಎಂದು ಕ್ಯಾಲೆಂಡರಿನಲ್ಲಿ ಪರೀಕ್ಷಿಸಿ. ಕೆಂಪು ಪೆನ್ನಿನಿಂದ ಗುರುತು ಹಾಕಿ, ಕನ್ನಡ ಮೇಷ್ಟರಿಗೆ ತೋರಿಸಿ. ಇಂಥ ಹತ್ತು ಹಾಳೆ ತಿದ್ದಿದ ಮೇಲೆ ಅವನ್ನು ಹಿಡಿದು ಹತ್ತಿರದ ಮುದ್ರಣಾಲಯಕ್ಕೆ ಹೋಗಿ. ಕೆಲಸ ಕೇಳಲು ಅದಕ್ಕಿಂತ ಒಳ್ಳೆಯ ಅರ್ಜಿ ಬೇಡ.

ನಾನು ಇಂದಿಗೂ ಯಾವುದೇ ಕರಡು ಬಂದರೂ ಮೊದಲು ತಾರೀಖನ್ನೇ ನೋಡುತ್ತೇನೆ. ನೀವೂ ಹಾಗೆಯೇ ಮಾಡಿ.