ಹಡಗಿನ ಮೇಲೆ ಹೆಲಿಕಾಪ್ಟರ್
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ಗಿರಣಿಯ ಯಂತ್ರಗಳು ನೆಲಕ್ಕೆ ಕಚ್ಚಿಕೊಂಡಿರುತ್ತವೆ. ಹಡಗಿನ ಮೇಲೆ ಇಳಿಯುವ ಹೆಲಿಕಾಪ್ಟರಿಗಾದರೋ ನೆಲವೇ ಸ್ಥಿರವಿಲ್ಲ. ಅಲೆಗೆ ತಕ್ಕಂತೆ ಡೆಕ್ಕು ಏಳುತ್ತದೆ, ಬೀಳುತ್ತದೆ, ಪಕ್ಕಕ್ಕೆ ವಾಲುತ್ತದೆ. ಒಂದು ಚಕ್ರ ಮೊದಲು ತಗಲಿ ಸಿಕ್ಕಿಕೊಂಡರೆ ಇಡೀ ಯಂತ್ರ ಮಗುಚಬಹುದು. ಆದಕಾರಣ ಚಾಲಕನು ಮೇಲೆಯೇ ನಿಂತು, ಹಡಗು ಕ್ಷಣಕಾಲ ಸಮನಾಗುವುದನ್ನು ಕಾಯುತ್ತಾನೆ. ಕೆನಡಾದ ನೌಕಾಪಡೆಯು 1960ರ ದಶಕದಲ್ಲಿ, ಉಕ್ಕಿನ ಹಗ್ಗದಿಂದ ಹೆಲಿಕಾಪ್ಟರನ್ನು ಕೆಳಗೆಳೆದು ಡೆಕ್ಕಿಗೆ ಹಿಡಿದಿಡುವ ಸಾಧನವನ್ನೇ ನಿರ್ಮಿಸಿತು.

ನೀರಿಗೆ ಬಿದ್ದರೆ ಮತ್ತೊಂದು ಅಪಾಯ. ಎಂಜಿನ್ನಿನ ಭಾರ ಮೇಲಿರುವುದರಿಂದ ಅದು ಬೇಗನೆ ತಲೆಕೆಳಗಾಗುತ್ತದೆ. ಅದಕ್ಕೆಂದೇ ಸಿಬ್ಬಂದಿಯನ್ನು ಕೊಳದಲ್ಲಿ ತಲೆಕೆಳಗಾಗಿ ಮುಳುಗಿಸಿ, ಪಟ್ಟಿ ಬಿಚ್ಚಿ ಹೊರಬರುವ ಅಭ್ಯಾಸ ಮಾಡಿಸುತ್ತಾರೆ.

2024ರ ಸೆಪ್ಟೆಂಬರ್ 2ರ ರಾತ್ರಿ, ಪೋರಬಂದರಿನಾಚೆ 'ಹರಿ ಲೀಲಾ' ಹಡಗಿನ ಗಾಯಾಳು ನೌಕರನನ್ನು ಕರೆತರಲು ಕರಾವಳಿ ಕಾವಲು ಪಡೆಯ ಹೆಲಿಕಾಪ್ಟರ್ ಹೊರಟಿತು. ಹಡಗನ್ನು ಸಮೀಪಿಸುತ್ತಿರುವಾಗ ಸಮುದ್ರಕ್ಕೆ ಬಿತ್ತು. ನಾಲ್ವರಲ್ಲಿ ಉಳಿದವರು ಒಬ್ಬರೇ.

ಗಾಯಗೊಂಡವನೂ ದುಡಿಯುವವನು, ಅವನಿಗಾಗಿ ಹೋದವರೂ ದುಡಿಯುವವರು. ಇಂಥವರ ತರಬೇತಿಗೂ ರಕ್ಷಣಾ ಸಾಧನಗಳಿಗೂ ಆಗುವ ಖರ್ಚನ್ನು ಯಾರಾದರೂ ದುಂದೆಂದರೆ ನಾವು ಒಪ್ಪಲಾಗದು.