ಸುಂಟರಗಾಳಿಯ ಸವಾರ ಪೆಕೋಸ್ ಬಿಲ್



ಅಮೆರಿಕದ ಟೆಕ್ಸಾಸ್ ಪ್ರಾಂತದ ಕೌಬಾಯ್‌ಗಳು, ಅಂದರೆ ಕುದುರೆಯೇರಿದ ದನಗಾಹಿಗಳು, ತಮ್ಮ ಮೂಲಪುರುಷನೆಂದು ಕೊಂಡಾಡಿದರೆನ್ನಲಾದ ಪೆಕೋಸ್ ಬಿಲ್‌ನನ್ನು ಕುರಿತು ಎರಡು ಮಾತು ಹೇಳಬಯಸುತ್ತೇನೆ.

ಐವತ್ತು ಮೈಲಿಯಾಚೆ ಯಾರೋ ಬಂದು ನೆಲೆಸಿದರಂತೆ. ಇಷ್ಟು ಜನಸಂದಣಿ ತನಗಾಗದೆಂದು ಬಿಲ್‌ನ ತಂದೆ ಗಾಡಿ ಕಟ್ಟಿಕೊಂಡು ಹೊರಟ. ಪೆಕೋಸ್ ನದಿಯ ಬಳಿ ಕೂಸು ಗಾಡಿಯಿಂದ ಜಾರಿಬಿತ್ತು. ಮಕ್ಕಳ ದಂಡೇ ಇದ್ದ ಆ ಸಂಸಾರಕ್ಕೆ ಒಂದು ಕಡಮೆಯಾದುದು ವಾರಗಟ್ಟಲೆ ತಿಳಿಯಲಿಲ್ಲ. ತೋಳದ ಜಾತಿಯ ಕಾಯೋಟಿಗಳು ಅದನ್ನು ಸಾಕಿದವು. ಮುಂದೆ ದನಗಾಹಿಯೊಬ್ಬ ಎದುರಾಗಿ "ನೀನು ಮನುಷ್ಯ" ಎಂದಾಗ ಬಿಲ್ ಒಪ್ಪಲಿಲ್ಲ. ತನಗೆ ಮೈತುಂಬ ಚಿಗಟವಿದೆ, ಊಳಿಡಲೂ ಬರುತ್ತದೆ ಎಂದು ವಾದಿಸಿದ. ಅವೆರಡೂ ಟೆಕ್ಸಾಸಿನವರಿಗೆಲ್ಲ ಉಂಟು, ಬಾಲವೆಲ್ಲಿ ತೋರಿಸು ಎಂದಾಗ ಮಾತ್ರ ನಿರುತ್ತರನಾದ.

ಆಮೇಲಿನದು ಸಾಹಸಪರಂಪರೆ. ಬುಡುಬುಡಿಕೆ ಹಾವೇ ಅವನ ಚಾವಟಿ. ಜೀನಿಲ್ಲದೆ ಸುಂಟರಗಾಳಿಯನ್ನೇರಿದ, ಅದು ಸೋತು ಮಳೆಯಾಗಿ ಸುರಿದು ಗ್ರಾಂಡ್ ಕ್ಯಾನ್ಯನ್ ಕಣಿವೆಯನ್ನು ಕೊರೆಯಿತು. ಅವನು ಬಿದ್ದ ತಗ್ಗೇ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ!

ಸರ್ಕಾರಿ ಕಡತಗಳ ನಡುವೆ ಜೀವ ಸವೆಸಿದ ನನಗೆ, ಮೊದಲ ಕಾಗದ ಯಾವುದೆಂದು ಹುಡುಕುವ ಚಟ. ಈ ಕಡತದ ಮೊದಲ ಕಾಗದ ಎಡ್ವರ್ಡ್ ಓ'ರೈಲಿ ಎಂಬ ಪತ್ರಕರ್ತರು 1923ರಲ್ಲಿ 'ಸೆಂಚುರಿ' ಮಾಸಿಕದಲ್ಲಿ ಬರೆದ ಲೇಖನ. ಅದಕ್ಕೆ ಹಿಂದಿನ ಜನಪದ ಆಧಾರ ವಿದ್ವಾಂಸರಿಗೆ ದೊರೆಯಲಿಲ್ಲ. ಅಷ್ಟರಲ್ಲಿ ದನಗಾಹಿಗಳ ಕಾಲವೇ ಮುಗಿದು ಹೋಗಿತ್ತು. 1874ರಲ್ಲಿ ಗ್ಲಿಡನ್ ಎಂಬಾತ ಹಕ್ಕುಪತ್ರ ಪಡೆದ ಮುಳ್ಳುತಂತಿ ಬಯಲನ್ನು ಬೇಲಿಯೊಳಗೆ ಹಾಕಿತು. 1886-87ರ ಭೀಕರ ಚಳಿ ಮಂದೆಗಳನ್ನೇ ಕೊಂದಿತು. ಇಂತಹ ಕೃತಕ ಸರಕಿಗೆ ಜಾನಪದ ವಿದ್ವಾಂಸ ರಿಚರ್ಡ್ ಡಾರ್ಸನ್ 1950ರಲ್ಲಿ 'ಫೇಕ್‌ಲೋರ್' ಎಂಬ ಹೆಸರನ್ನೇ ಟಂಕಿಸಿದರು. ಹುಸಿ ಜಾನಪದ ಎನ್ನೋಣ.

ಈ ಕಾಠಿಣ್ಯ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಯಾವ ಕಥೆಗಾದರೂ ಮೊದಲು ಹೇಳಿದವನೊಬ್ಬ ಇದ್ದೇ ಇರುತ್ತಾನೆ. 1948ರ ಡಿಸ್ನಿ ಚಿತ್ರ 'ಮೆಲೊಡಿ ಟೈಮ್' ಕಂಡ ಮಕ್ಕಳು ದಾಖಲೆ ಕೇಳಲಿಲ್ಲ.

ನನ್ನ ತಕರಾರು ಬೇರೆ. ದನ ಹಿಡಿಯುವ ಕುಣಿಕೆ ಹಗ್ಗದಿಂದ ಮೊದಲುಗೊಂಡು ಆ ಕಸುಬಿನ ವಿದ್ಯೆಯೆಲ್ಲ ಬಿಲ್‌ನೊಬ್ಬನ ಸೃಷ್ಟಿಯೆಂದು ಕಥೆ ಹೇಳುತ್ತದೆ. ಆದರೆ ಆ ಹಗ್ಗದ ಹೆಸರಾದ 'ಲಾಸೋ' ಸ್ಪ್ಯಾನಿಷ್ ಮೂಲದ್ದು. 'ರಾಂಚ್', 'ಲಾರಿಯಟ್', 'ರೋಡಿಯೊ' ಪದಗಳೂ ಹಾಗೆಯೇ. ಬಿಳಿಯರು ಟೆಕ್ಸಾಸಿಗೆ ಬರುವ ಮುಂಚೆಯೇ ಮೆಕ್ಸಿಕೋದ 'ವಕೇರೊ'ಗಳು ಈ ವಿದ್ಯೆಯಲ್ಲಿ ಪಳಗಿದ್ದರು. 1865ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ ಎಷ್ಟೋ ಕಪ್ಪುಜನರು ಮಂದೆಗಳ ಹಿಂದೆ ನಡೆದರು. ನಾಲ್ವರು ದನಗಾಹಿಗಳಲ್ಲಿ ಒಬ್ಬ ಕಪ್ಪು ವರ್ಣದವನೆಂದು ಇತಿಹಾಸಕಾರರ ಅಂದಾಜು. ಕಥೆಯೊಳಗೆ ಇವರಿಗೆಲ್ಲ ಜಾಗವೆಲ್ಲಿ? ಭಾಷೆ ಸಾಕ್ಷಿ ನುಡಿಯುತ್ತಿದೆ, ಕಥೆ ಬಾಯಿ ಮುಚ್ಚಿಸುತ್ತಿದೆ. ಸುಂಟರಗಾಳಿಯ ಸುಳ್ಳು ಯಾರಿಗೂ ಕೇಡಲ್ಲ. ಈ ಸುಳ್ಳು ದುಡಿದವರ ಹೆಸರನ್ನೇ ಅಳಿಸುತ್ತದೆ.

ಬಿಲ್‌ನ ಅಂತ್ಯವನ್ನೂ ಹೇಳಿಬಿಡುತ್ತೇನೆ. ಬಾಸ್ಟನ್ ಪಟ್ಟಣದವನೊಬ್ಬ ಅಂಚೆಯಲ್ಲಿ ತರಿಸಿದ ದನಗಾಹಿಯ ವೇಷ ತೊಟ್ಟು ಬಂದು, ಪಶ್ಚಿಮ ಸೀಮೆಯ ಬಗ್ಗೆ ಪೆದ್ದು ಪ್ರಶ್ನೆಗಳನ್ನು ಕೇಳಿದನಂತೆ. ಬಿಲ್ ಅಲ್ಲೇ ನೆಲಕ್ಕೊರಗಿ ನಕ್ಕು ನಕ್ಕು ಪ್ರಾಣ ಬಿಟ್ಟ. ಇದೊಂದು ಪ್ರಸಂಗವಾದರೂ ನಿಜವಾದ ದನಗಾಹಿಯೊಬ್ಬನ ಬಾಯಿಂದಲೇ ಬಂದಿರಬೇಕೆಂದು ನನ್ನ ಗುಮಾನಿ.