ಕಾಲು ನೋವಿಗೆ ಕಾರಣ ಬೆನ್ನಲ್ಲೂ ಇರಬಹುದು



ಹೋದ ತಿಂಗಳ ಸಭೆಯಲ್ಲಿ ಒಬ್ಬ ಅಕ್ಕ ಎದ್ದು ನಿಂತು, "ಸಿಸ್ಟರ್, ಎಡಗಾಲಿನ ಚಪ್ಪಲಿ ಜಾರಿ ಬಿದ್ರೂ ನಂಗೆ ಗೊತ್ತಾಗಂಗಿಲ್ರಿ" ಅಂದರು. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಲವು ವರ್ಷಗಳ ಹಿಂದೆ ಕಂಪ್ಲಿ ಕಡೆಯ ಒಬ್ಬ ತಾಯಿ ಇದೇ ಮಾತು ಹೇಳಿದ್ದರು.

ಆಕೆ ಭತ್ತದ ನಾಟಿಗೆ ಹೋಗುವವರು. ಒಂದೇ ಕಾಲು ಜೋಮು ಹಿಡಿಯುತ್ತಿತ್ತು. ಬಗ್ಗೀ ಬಗ್ಗೀ ಹೀಗಾಗಿದೆ ಅಂದರು ಮನೆಯವರು, ವಾಯು ಅಂದರು ಅತ್ತೆ. ಎಣ್ಣೆ ತಿಕ್ಕಿದ್ದಾಯಿತು, ಬೆನ್ನು ತುಳಿಸಿಕೊಂಡದ್ದಾಯಿತು, ಮೊಣಕಾಲಿಗೆ ಇಂಜೆಕ್ಷನ್ ಆಯಿತು. ಸಂಘದಿಂದ ಎರಡು ಸಲ ಸಾಲ ತೆಗೆದರು. ನೋವು ಹಗಲು ಕಡಿಮೆ, ರಾತ್ರಿ ಮಲಗಿದಾಗ ಜಾಸ್ತಿ. ಅದನ್ನು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಪಾದ ಎಳೆಯತೊಡಗಿದ ಮೇಲೆ ಬೆನ್ನಿನ ಎಂ.ಆರ್.ಐ. ಆಯಿತು. ಸೊಂಟದ ಹತ್ತಿರ ನರದ ಮೇಲೆ ಗಡ್ಡೆ ಇತ್ತು!

ಕರೆಂಟಿನ ವೈರಿಗೆ ಮೇಲೆ ಪ್ಲಾಸ್ಟಿಕ್ ಇರುತ್ತದಲ್ಲ, ಹಾಗೆ ನರಕ್ಕೂ ಹೊದಿಕೆ ಇದೆ. ಆ ಹೊದಿಕೆಯಲ್ಲಿ ಬೆಳೆಯುವ ಗಡ್ಡೆಗೆ ಶ್ವಾನೋಮಾ ಅನ್ನುತ್ತಾರೆ. ಕ್ಯಾನ್ಸರ್ ಅಂತ ಧೈರ್ಯ ಕಳಕೊಳ್ಳಬೇಡಿ, ಬಹುತೇಕ ಇವು ಕ್ಯಾನ್ಸರ್ ಅಲ್ಲ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ಆದರೆ ಬೆನ್ನುಮೂಳೆಯ ಒಳಗೆ ಜಾಗ ಇಕ್ಕಟ್ಟು, ನರ ಒತ್ತಿಹೋಗುತ್ತದೆ. ಕಾಲಿನ ನರ ಹೊರಡುವುದೇ ಸೊಂಟದಿಂದ; ಹಾಗಾಗಿ ನೋವು ಕಾಲಲ್ಲಿ ಕಾಣಿಸುತ್ತದೆ. ಸಾದಾ ಎಕ್ಸ್‌ರೇಯಲ್ಲಿ ಗಡ್ಡೆ ಕಾಣುವುದಿಲ್ಲ.

ಕಾಲು ನೋವು ಬಂದವರೆಲ್ಲ ಹೆದರಬೇಕಿಲ್ಲ. ಇಂಥ ಗಡ್ಡೆ ಅಪರೂಪ. ಡಿಸ್ಕ್ ಜಾರಿ ಕಾಲಿಗೆ ಇಳಿಯುವ ನೋವೇ ಹೆಚ್ಚು, ಅದು ಬಹಳ ಮಂದಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಆದರೆ ರಾತ್ರಿ ನೋವಿಗೆ ಎಚ್ಚರವಾದರೆ, ಒಂದು ಕಾಲು ಸಣ್ಣಗಾದರೆ, ನಡೆಯುವಾಗ ಪಾದ ಎಡವಿದರೆ ಡಾಕ್ಟರ ಮುಂದೆ ಅದನ್ನೇ ಹೇಳಿ. ಬರೀ "ಕಾಲು ನೋವು" ಅಂದರೆ ಅವರೂ ಕಾಲನ್ನೇ ನೋಡ್ತಾರೆ. ನಾಚಿಕೆ ಬಿಟ್ಟು ಇನ್ನೊಂದು ಹೇಳುತ್ತೇನೆ: ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಖರ್ಚಿನ ಚಿಂತೆಯೇ? 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬೆನ್ನುಹುರಿಯ ಇಂಥ ಆಪರೇಷನ್ ಮಾಡುತ್ತಾರೆ.

ಕಂಪ್ಲಿಯ ಆ ತಾಯಿಗೆ ಆಪರೇಷನ್ ಆಗಿ ನೋವು ಹೋಯಿತು. ತಡವಾದದ್ದರಿಂದ ಪಾದದ ಬಲ ಪೂರ್ತಿ ಮರಳಲಿಲ್ಲ. ಈಗ ನಾಟಿಗೆ ಹೋಗುವುದಿಲ್ಲ, ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಾರೆ.

ಚಪ್ಪಲಿಯ ಅಕ್ಕ ಬರುವ ಸೋಮವಾರ ನನ್ನ ಜೊತೆ ಹೊಸಪೇಟೆ ಸರ್ಕಾರಿ ಆಸ್ಪತ್ರೆಗೆ ಬರಲು ಒಪ್ಪಿದ್ದಾರೆ. ಇನ್ನೂ ಯಾರಿಗಾದರೂ ಹೀಗಿದ್ದರೆ ಸಭೆ ಮುಗಿದ ಮೇಲೆ ನನ್ನನ್ನು ಕಾಣಿರಿ. ರೇಷನ್ ಕಾರ್ಡು, ಆಧಾರ್ ಮರೀಬೇಡ್ರಿ.